ನೀರು ಎಲ್ಲಿಯವರೆಗೆ ಬಂದಿತ್ತು

ನಾನು ಪಂಚಾಯಿತಿ ಸದಸ್ಯೆಯಾದದ್ದು ನನ್ನ ಗಂಡ ತೀರಿಕೊಂಡದ್ದರಿಂದ. ಗೊಬ್ಬರ ತರಲು ನಂಜನಗೂಡಿಗೆ ಹೋದವರು ಬಸ್ ನಿಲ್ದಾಣದಲ್ಲಿ ಎದೆ ಹಿಡಿದುಕೊಂಡು ಕೂತರಂತೆ. ಮತ್ತೆ ಏಳಲಿಲ್ಲ. ಪಂಚಾಯಿತಿಯಲ್ಲಿ ಅವರ ಜಾಗ ಖಾಲಿಯಾಯಿತು. ಉಪಚುನಾವಣೆ ಬಂದಾಗ ಭಾವ, ಅಂದರೆ ನನ್ನ ಗಂಡನ ಅಣ್ಣ, ಊರಿನ ನಾಲ್ಕು ಜನರನ್ನು ಜಗಲಿಯ ಮೇಲೆ ಕೂರಿಸಿಕೊಂಡು ಮಾತಾಡಿ ನನ್ನನ್ನು ಅವಿರೋಧವಾಗಿ ಗೆಲ್ಲಿಸಿದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಬೇಕು ಅನ್ನುವ ಮಾತಾಗಲಿ ಬೇಡ ಅನ್ನುವ ಮಾತಾಗಲಿ ನನ್ನ ಬಾಯಿಂದ ಬರುತ್ತಿರಲಿಲ್ಲ.

"ನೀನು ಓಗಿ ಸುಮ್ಕೆ ಕುಂತ್ಕೊ ಕಣವ್ವ. ಸೈನ್ ಆಕು ಅಂದ್ರೆ ಆಕು. ಮಿಕ್ಕಿದ್ದ ನಾನ್ ನೋಡ್ಕತೀನಿ" ಅಂದರು ಭಾವ. ಒಳ್ಳೆಯ ಮನಸ್ಸಿನಿಂದಲೇ ಅಂದರು.

ಕಾಲಿಗೆ ಜೋಮು ಹಿಡಿದರೆ ಅದು ನಮ್ಮದೇ ಕಾಲು ಅನ್ನಿಸುವುದಿಲ್ಲವಲ್ಲ, ಆಗ ನನಗೆ ಇಡೀ ಮೈ ಹಾಗಾಗಿತ್ತು. ಬನ್ನೂರಿನಿಂದ ತವರಿನವರು ಬಂದು ಅತ್ತು ಹೋದರು. ಅವರಿಗೆ ಕಾಫಿ ಮಾಡಿಕೊಟ್ಟೆ, ಬಸ್ಸು ಹತ್ತಿಸಿದೆ, ಬಂದು ಲೋಟ ತೊಳೆದೆ. ನಮಗೆ ಮಕ್ಕಳಿಲ್ಲ. ಒಂದೇ ಅಂಗಳದ ಆ ಕಡೆ ಭಾವ ಮತ್ತು ಓರಗಿತ್ತಿ, ಈ ಕಡೆ ನಾನು ಮತ್ತು ಅತ್ತೆ. ಎರಡು ಮನೆಗಳ ನಡುಗೋಡೆಯಲ್ಲಿ ಒಂದು ಬಾಗಿಲು.

ನಮ್ಮೂರು ನಂಜನಗೂಡಿಗೂ ಟಿ. ನರಸೀಪುರಕ್ಕೂ ನಡುವೆ, ಕಪಿಲೆಯ ದಡದಲ್ಲಿದೆ. ಹೊಳೆಗೂ ಊರಿಗೂ ಮಧ್ಯೆ ಜೊಂಡು ಬೆಳೆದ ಒಂದು ದೊಡ್ಡ ತಗ್ಗು. ಮಳೆಗಾಲದಲ್ಲಿ ಡ್ಯಾಮಿನಿಂದ ನೀರು ಬಿಟ್ಟರೆ ಹೊಳೆ ಮೊದಲು ಅಲ್ಲಿಗೆ ನುಗ್ಗಿ ನಿಲ್ಲುತ್ತದೆ. ಆಮೇಲೆ ತಿಂಗಳುಗಟ್ಟಲೆ ಜೌಗು, ಕೆಸರು, ಕೊಕ್ಕರೆ, ಬೆಳ್ಳಕ್ಕಿ. ಬೇಸಿಗೆಯಲ್ಲಿ ದನ ಮೇಯುತ್ತವೆ. ತಗ್ಗಿನ ಅಂಚಿಗೆ ಕೆಲವರ ಗದ್ದೆಗಳಿವೆ, ನಮ್ಮದೂ ಇದೆ, ಅದರ ಊರಿನ ಕಡೆಯ ತುದಿಯಲ್ಲಿ ಪಂಪ್‌ಮನೆ. ಊರು ಬೆಳೆದಂತೆ ಜನ ಒಡೆದ ಗೋಡೆಯ ಮಣ್ಣು, ಕಟ್ಟಡದ ಕಸ ಎಲ್ಲವನ್ನೂ ಟ್ರ್ಯಾಕ್ಟರಿನಲ್ಲಿ ತಂದು ಅಲ್ಲಿ ಸುರಿಯತೊಡಗಿದರು. ತಗ್ಗು ತುಂಬುತ್ತ ಬಂತು. ಹಿಂದಿನ ದೊಡ್ಡ ಮಳೆಯಲ್ಲಿ ನೀರಿಗೆ ಜಾಗ ಸಾಲದೆ ಕೆಳಗೇರಿಯ ಮನೆಗಳಿಗೆ ನುಗ್ಗಿತು. ತಾಂಡ್ಯದ ಕಾರ್ಖಾನೆಗಳಿಗೆ ಹೋಗುವ ಕೂಲಿಯವರ ಕೇರಿ ಅದು. ಜನ ವಾರವಿಡೀ ಶಾಲೆಯಲ್ಲಿ ಮಲಗಿದರು.

ಆಮೇಲೆ ನನ್ನ ಗಂಡ ಪಂಚಾಯಿತಿಯಲ್ಲಿ ಹಟ ಹಿಡಿದು ಒಂದು ಯೋಜನೆಗೆ ಒಪ್ಪಿಸಿದ್ದರು. ಆ ಸಲ ನೀರು ಎಲ್ಲಿಯವರೆಗೆ ಬಂದಿತ್ತೋ ಅಲ್ಲಿಗೆ ಗುರುತಿನ ಕಲ್ಲು ನೆಡುವುದು. ಕಲ್ಲಿನಿಂದ ಹೊಳೆಯ ಕಡೆ ಬೆಳೆ ಇಡಬಹುದು, ದನ ಮೇಯಿಸಬಹುದು. ಮಣ್ಣು ತುಂಬುವಂತಿಲ್ಲ, ಏನೂ ಕಟ್ಟುವಂತಿಲ್ಲ. ಕಲ್ಲು ನೆಡುವ ಮೊದಲೇ ಅವರು ಹೋದರು.

ಅಷ್ಟರಲ್ಲಿ ಭಾವ ಮೈಸೂರಿನ ಒಬ್ಬರ ಜೊತೆ ಮಾತುಕತೆ ನಡೆಸಿದ್ದರು. ನಮ್ಮ ಗದ್ದೆ ಎತ್ತರಿಸಿ, ಹೊಳೆಗೆ ಮುಖಮಾಡಿ ರೂಮುಗಳನ್ನು ಕಟ್ಟಿ, ಶನಿವಾರ ಭಾನುವಾರ ಬರುವವರಿಗೆ ಬಾಡಿಗೆಗೆ ಕೊಡುವುದು. ಅವರನ್ನು ದೂರಲಾರೆ. ಆ ಗದ್ದೆಯಲ್ಲಿ ನಾಟಿ ಹಾಕಿದ್ದು ಎಷ್ಟು ಸಲ ಕೊಳೆತು ಹೋಗಿತ್ತೋ. ಎರಡೂ ಮನೆಗೆ ಒಂದು ದಾರಿಯಾಗುತ್ತದೆ ಅಂತಲೇ ಅವರು ನಂಬಿದ್ದರು.

ಕಲ್ಲು ನೆಡುವ ದಿನ ಪಂಚಾಯಿತಿ ಅಧಿಕಾರಿ ಮೇಡಂ ಮತ್ತು ಸರ್ವೆಯರ್ ಬಂದರು. ಊರಿನ ಜನ ಹಿಂದೆ ಹಿಂದೆ ನಡೆದರು. ಪ್ರತಿ ಗದ್ದೆಯ ಹತ್ತಿರ ನಿಂತು ಸರ್ವೆಯರ್ ಕೇಳುತ್ತಿದ್ದರು, ಜನ ತೋರಿಸುತ್ತಿದ್ದರು, ಒಬ್ಬ ಸುಣ್ಣದ ಪುಡಿ ಹಾಕುತ್ತಿದ್ದ. ನಮ್ಮ ಗದ್ದೆಗೆ ಬಂದೆವು.

"ಇಲ್ಲಿ ಎಲ್ಲೀಗಂಟ ಬಂದಿತ್ತು?"

"ಈ ಬದು ದಾಟಿಲ್ಲ ಸಾ" ಅಂದರು ಭಾವ, ಹೊಳೆಯ ಕಡೆಯ ಬದುವನ್ನು ಕಾಲಿನಿಂದ ತೋರಿಸುತ್ತ.

ಅದು ಸುಳ್ಳು. ಎಲ್ಲರಿಗೂ ಗೊತ್ತಿತ್ತು. ಕೆಳಗೇರಿಯ ಒಬ್ಬ ಹೆಂಗಸು ನನ್ನ ಪಕ್ಕದಲ್ಲೇ ಇದ್ದಳು. ಅವಳ ಮನೆಯೊಳಗೆ ಆ ಸಲ ಸೊಂಟದುದ್ದ ನೀರು ನಿಂತಿತ್ತು. ಅವಳ ಗಂಡ ಭಾವನ ಟ್ರ್ಯಾಕ್ಟರ್ ಓಡಿಸುತ್ತಾನೆ. ಅವಳು ಸೆರಗಿನ ತುದಿ ನೋಡುತ್ತ ನಿಂತಳು. ಸುಣ್ಣದವನು ಬದುವಿನ ಕಡೆಗೆ ಬಗ್ಗಿದ.

"ಪಂಪ್‌ಮನೆ ಒಳಕ್ಕೇ ಬಂದಿತ್ತು" ಅಂತ ಯಾರೋ ಅಂದರು. ಎಲ್ಲರೂ ನನ್ನ ಕಡೆ ತಿರುಗಿದಾಗ ಅಂದದ್ದು ನಾನೇ ಎಂದು ಗೊತ್ತಾಯಿತು. "ನೀವೇ ಅಲ್ವಾ ಭಾವ ಮೋಟರ್ ಬಿಚ್ಚಿದ್ದು? ಅವರೂ ನೀವೂ ಬೊಂಬಿಗೆ ಕಟ್ಟಿ ಎದೆಮಟ್ಟದ ನೀರಲ್ಲಿ ಹೊತ್ಕೊಂಡು ಬಂದ್ರಿ."

ಭಾವ ನನ್ನ ಮುಖವನ್ನೇ ನೋಡಿದರು. ಬೈಯಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡು, ಬೆನ್ನು ತಿರುಗಿಸಿ ಊರಿನ ಕಡೆ ನಡೆದರು. ಸುಣ್ಣದ ಗೆರೆ ಪಂಪ್‌ಮನೆಯ ಆಚೆ, ಊರಿನ ಕಡೆಗೆ ಬಿತ್ತು, ಕಲ್ಲನ್ನೂ ಅಲ್ಲೇ ನೆಟ್ಟರು. ನಮ್ಮ ಗದ್ದೆಯೆಲ್ಲ ಕಲ್ಲಿನಿಂದ ಹೊಳೆಯ ಕಡೆಗೆ ಹೋಯಿತು.

ಆಮೇಲೆ ಊರಿನಲ್ಲಿ ಕೆಲವರು ನನಗೆ ಧೈರ್ಯ ಜಾಸ್ತಿ ಅಂದರು. ಅದು ಧೈರ್ಯವಲ್ಲ. ಹೆದರಿಕೊಳ್ಳುವುದಕ್ಕೂ ಒಳಗೆ ಏನಾದರೂ ಮಿಸುಕಾಡಬೇಕು. ನನ್ನೊಳಗೆ ಏನೂ ಮಿಸುಕಾಡಲಿಲ್ಲ. ಕೇಳಿದರು, ಗೊತ್ತಿತ್ತು, ಹೇಳಿದೆ.

ಆ ಸಂಜೆ ನಡುವಿನ ಬಾಗಿಲಿಗೆ ಆ ಕಡೆಯಿಂದ ಚಿಲಕ ಬಿತ್ತು. ಅತ್ತೆ ಒಲೆಯ ಮುಂದೆ ಕೂತು ಕೇಳಿದರು. "ಅವ್ನಿದ್ದಿದ್ರೆ ಅಣ್ಣನ್ನ ಇಂಗೆ ನಾಕ್ ಜನದ್ ಮುಂದೆ ನಿಲ್ಲಿಸ್ತಿದ್ನಾ?"

ನಾನು ಯೋಚಿಸಿದೆ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. "ಗೊತ್ತಿಲ್ಲ ಅತ್ತೆ" ಅಂದೆ. ಅವರು ಮುದ್ದೆಗೆ ಎಸರಿಟ್ಟರು.

ಮೈಸೂರಿನವರು ಒಮ್ಮೆ ಕಾರಿನಲ್ಲಿ ಬಂದು, ಕಲ್ಲು ನೋಡಿ, ಭಾವನ ಜೊತೆ ರಸ್ತೆಯಲ್ಲೇ ನಿಂತು ಮಾತಾಡಿ ಹೋದರು. ಮತ್ತೆ ಬರಲಿಲ್ಲ. ಭಾವ ಅಂಗಳದಲ್ಲಿ ಎದುರಾದರೆ ದಾರಿ ಬಿಟ್ಟು ನಿಲ್ಲುತ್ತಿದ್ದರು, ಪರಊರಿನ ಹೆಂಗಸಿಗೆ ನಿಲ್ಲುವ ಹಾಗೆ.

ಯೋಜನೆ ಕೊನೆಯ ಒಪ್ಪಿಗೆಗೆ ಗ್ರಾಮಸಭೆಗೆ ಬಂದಾಗ ಅವರು ಎದ್ದು ನಿಂತರು. "ಒಳೆಗೆ ಜಾಗ ಬುಟ್ರಿ, ಕೊಕ್ಕರೆಗೆ ಬುಟ್ರಿ, ಕೆಳಗೇರಿಯೋರಿಗೂ ಆಯ್ತು. ನನ್ ಗದ್ದೆ ಮುಳುಗೋಯ್ತದಲ್ಲ, ನಂಗೇನ್ ಬುಟ್ರಿ? ಅದ್ನೂ ಯೋಳ್ಬುಡಿ." ನ್ಯಾಯವಾದ ಪ್ರಶ್ನೆ. ಮೇಡಂ ಪರಿಹಾರಕ್ಕೆ ಮೇಲಿನವರಿಗೆ ಬರೆಯುತ್ತೇವೆ ಅಂದರು. ಅವರ ದನಿಯಲ್ಲೇ ಅದರ ಮೇಲೆ ನಂಬಿಕೆ ಇರಲಿಲ್ಲ. ಒಪ್ಪುವವರು ಕೈ ಎತ್ತಿ ಅಂದಾಗ ನಾನು ಎತ್ತಿದೆ. ಇಳಿಸುವುದು ಮರೆತೆ. ಪಕ್ಕದಲ್ಲಿದ್ದ ಅಂಗನವಾಡಿಯವರು ನನ್ನ ಮೊಣಕೈ ಹಿಡಿದು ಮೆಲ್ಲಗೆ ಕೆಳಗಿಳಿಸಿದರು.

ಮುಂಗಾರಿಗೆ ಮೊದಲು ಪಂಚಾಯಿತಿಯವರು ತಗ್ಗಿನಲ್ಲಿ ಸುರಿದಿದ್ದ ಮಣ್ಣನ್ನು ಆದಷ್ಟು ಎತ್ತಿಸಿದರು. ಮಳೆ ಹಿಡಿಯಿತು, ಡ್ಯಾಮಿನಿಂದ ನೀರು ಬಿಟ್ಟರು, ಹೊಳೆ ತಗ್ಗಿಗೆ ಬಂದು ಹರಡಿಕೊಂಡಿತು. ಕೆಳಗೇರಿಯ ಕೊನೆಯ ಮನೆಗಳಿಗೆ ಆಗಲೂ ನೀರು ನುಗ್ಗಿತು. ಉಳಿದ ಮನೆಗಳಿಗೆ ಬರಲಿಲ್ಲ. ಸರ್ವೆಯ ದಿನ ನನ್ನ ಪಕ್ಕದಲ್ಲಿ ನಿಂತಿದ್ದ ಹೆಂಗಸು ದಾರಿಯಲ್ಲಿ ಸಿಕ್ಕಿ, "ಈ ಸತಿ ಒಲೆ ನೆನೀನಿಲ್ಲ ಕಣಕ್ಕ" ಅಂದಳು. ಸಂತೋಷಪಡಬೇಕಾದ ಮಾತು. "ಸರಿ" ಅಂದೆ, ಹಾಲು ಹಾಕಲು ಡೇರಿಗೆ ಹೋದೆ. ವಾಪಸು ಬರುವಾಗ ಭಾವ ಕೊಡೆ ಹಿಡಿದು ಕಲ್ಲಿನ ಹತ್ತಿರ ನಿಂತಿದ್ದರು. ಗದ್ದೆ ಕಾಣುತ್ತಿರಲಿಲ್ಲ, ಬರೀ ಕೆಂಪು ನೀರು. ನಾನು ನಿಲ್ಲಲಿಲ್ಲ.

ವರ್ಷದ ತಿಥಿಗೆ ಟಿ. ನರಸೀಪುರಕ್ಕೆ ಹೋಗಬೇಕಿತ್ತು. ಪಿಂಡ ಇಡಬೇಕಾದವರು ಭಾವನೇ. ಕರೆಯುವುದು ಹೇಗೆಂದು ನನಗೆ ತೋಚಿರಲಿಲ್ಲ, ಆದರೆ ಬೆಳಿಗ್ಗೆ ಅವರು ಪಂಚೆ ಉಟ್ಟು ಅಂಗಳದಲ್ಲಿ ತಯಾರಾಗಿ ನಿಂತಿದ್ದರು. ಸಂಗಮದಲ್ಲಿ ಪುರೋಹಿತರು ಹೇಳಿದ್ದನ್ನು ಮಾಡಿದರು, ತಮ್ಮನ ಹೆಸರು ಹೇಳುವಾಗ ಒಮ್ಮೆ ತಡವರಿಸಿದರು. ನೀರಿಗಿಳಿದು ಮುಳುಗಿ ಬಂದು, ಒದ್ದೆಯಲ್ಲೇ ನನಗಿಂತ ಎರಡು ಮೆಟ್ಟಿಲು ಕೆಳಗೆ ಕೂತರು. ಎದುರಿಗೆ ಕಪಿಲೆ ಕಾವೇರಿಗೆ ಸೇರುತ್ತಿತ್ತು.

"ಮೋಟರ್ ಇಡ್ಕಂಡು ಬರೋವಾಗ ಅವ್ನು ಎಡವಿದ್ದ ಕಣವ್ವ" ಅಂದರು, ನೀರು ನೋಡುತ್ತ. "ಬುಟ್ಬುಡೋ ಅಂದೆ. ಬುಡ್ನಿಲ್ಲ. ಆವತ್ತು ಅಲ್ಲೀಗಂಟ ನೀರಿತ್ತು ಅಂತ ನಂಗೂ ಗೊತ್ತಿತ್ತು."

ಅವರು ಪಂಚೆಯ ಅಂಚು ಹಿಂಡಿದರು. ಆಮೇಲೆ ಕೇಳಿದರು.

"ಆ ಕಲ್ಲ ಒಸಿ ಕೆಳಕ್ಕೆ ಸರಿಸಾಕ್ ಆಯ್ತದಾ? ಪಂಪ್‌ಮನೆ ಅಷ್ಟು ಬುಟ್ರೂ ಸಾಕು."

"ಆಗಲ್ಲ ಭಾವ."

"ಆಗಲ್ವಾ?"

"ಆಗಲ್ಲ."

ಅವರು ತಲೆಯಾಡಿಸಿದರು. ಕೋಪವೇನೂ ಕಾಣಲಿಲ್ಲ. "ಅವ್ನೂ ಇಂಗೇ ಅಂತಿದ್ದ" ಅಂದು ಎದ್ದು, ಒಣ ಪಂಚೆ ಉಟ್ಟು ಬಂದರು.

ಬಸ್ ನಿಲ್ದಾಣದಲ್ಲಿ ನೂಕುನುಗ್ಗಲಿತ್ತು. ಬಸ್ಸು ನಿಲ್ಲುವ ಮೊದಲೇ ಭಾವ ಓಡಿಹೋಗಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದರು. ನನ್ನನ್ನು ಅಲ್ಲಿ ಕೂರಿಸಿ, ಕಂಬಿ ಹಿಡಿದುಕೊಂಡು ಪಕ್ಕದಲ್ಲಿ ನಿಂತರು. "ಮುಂದಿನ್ ಬಿತ್ತನೆಗೆ ಯಾವ ಭತ್ತ ತರೋದು ಅಂತ ನಿಮ್ಮತ್ತೇನ ಕೇಳು. ನೀರಲ್ಲಿ ತಡ್ಕಳ್ಳೋ ತಳಿ ಒಂದೈತಂತೆ" ಅಂದರು.

"ಕೇಳ್ತೀನಿ" ಅಂದೆ. ಬಸ್ಸು ಹೊರಟಿತು.