ಹುಚ್ಚಪ್ಪ ಕೆಡವಿದ ಸಾಕ್ಷಿಗುಡ್ಡಿಗಳು

ಹುಚ್ಚಪ್ಪನಿಗೆ ಹೆಸರಿಟ್ಟವರು ಮುಂದಾಲೋಚನೆಯಿಂದಲೇ ಇಟ್ಟಿದ್ದಾರೆ ಎಂದು ಹಂಸಭಾವಿಯ ಜನ ನಗುತ್ತಿದ್ದರು. ಮಣ್ಣು ಅಗೆಯುವುದು ಅವನ ಹಿರಿಯರಿಂದ ಬಂದ ಕಸುಬು, ಒಂದು ದೊಡ್ಡ ತಂಡಕ್ಕೆ ಅವನೇ ಮೇಸ್ತ್ರಿ. ಐವತ್ತೆಂಟನೆಯ ಇಸವಿಯಲ್ಲಿ ಕೆರೆಯ ಏರಿ ಎತ್ತರಿಸಲು ಗುತ್ತೇದಾರ ಬುಲ್ಡೋಜರ್ ತರಿಸಿದ್ದೇ ತಡ, ಈ ಮನುಷ್ಯ ಸಲಿಕೆ ಹಿಡಿದುಕೊಂಡೇ ಅದನ್ನು ನೋಡುತ್ತ ನಿಂತುಬಿಡುತ್ತಿದ್ದ.

ಮೊದಲು ಸಣ್ಣ ಪೆಟ್ರೋಲ್ ಇಂಜಿನ್ ಚಾಲೂ ಮಾಡಿ, ಅದರ ಬಲದಿಂದ ದೊಡ್ಡ ಡೀಸೆಲ್ ಇಂಜಿನ್ ಎಬ್ಬಿಸಬೇಕಿತ್ತು. ಆ ಸದ್ದು ಬದಲಾಗುವ ಗಳಿಗೆಯಲ್ಲಿ ಹುಚ್ಚಪ್ಪ ಎಲೆಯಡಿಕೆ ಅಗಿಯುವುದನ್ನೂ ಮರೆಯುತ್ತಿದ್ದ. ಸಂಜೆ ಸರಪಳಿ ಗಾಲಿಗೆ ಅಂಟಿದ ಮಣ್ಣನ್ನು ಯಾರೂ ಹೇಳದೆ ತಾನೇ ಕೆರೆದು ತೆಗೆಯುತ್ತಿದ್ದ. ಅವನಿಗೆ ಬೇಕಾಗಿದ್ದು ಇಷ್ಟೇ, ಒಮ್ಮೆ ಆ ಸೀಟಿನ ಮೇಲೆ ಕೂತು ಓಡಿಸಬೇಕು.

ಡ್ರೈವರ್ ಗೋಣೆಪ್ಪ ಶಿಗ್ಗಾಂವಿಯವನು, ಒಂಟಿ ಆಳು. ಹುಚ್ಚಪ್ಪನ ಹೆಂಡತಿ ಸಾವಂತ್ರವ್ವ ದಿನಾ ಅವನ ಪಾಲಿನ ರೊಟ್ಟಿಯನ್ನೂ ಬಡಿಯುತ್ತಿದ್ದಳು.

"ಯಕ್ಕಾ, ನಿನ್ನ ಕೈಯಾಗಿನ ಝುಣಕ ತಿಂದ್ರ ನಮ್ಮವ್ವ ನೆನಪಾಗ್ತಾಳ" ಎನ್ನುತ್ತಿದ್ದ. ಹುಚ್ಚಪ್ಪನಿಗೆ, "ಮಾವಾ, ಒಂದಿನ ನಿನಗೂ ಕಲಿಸ್ತೇನಿ" ಎನ್ನುತ್ತಿದ್ದ.

ಈಗಿನವರಿಗೆ ಒಂದು ಸಂಗತಿ ಬಿಡಿಸಿ ಹೇಳಬೇಕು. ಆಗ ಮಣ್ಣು ಅಗೆಯುವವರು ಗುಂಡಿಯ ನಡುವೆ ಅಲ್ಲಲ್ಲಿ ನೆಲವನ್ನು ಮುಟ್ಟದೆ ಒಂದೊಂದು ಗುಡ್ಡಿ ಉಳಿಸುತ್ತಿದ್ದರು. ಅದರ ನೆತ್ತಿಯ ಮೇಲೆ ಹಳೆಯ ಹುಲ್ಲು ಹಾಗೇ ಇರುತ್ತಿತ್ತು. ಓವರ್‌ಸಿಯರ್ ಆ ಹುಲ್ಲಿನಿಂದ ಗುಂಡಿಯ ತಳದವರೆಗೆ ಟೇಪು ಹಿಡಿದರೆ ತಂಡ ಎಷ್ಟು ಆಳ ಅಗೆದಿದೆ ಎಂದು ತಿಳಿಯುತ್ತಿತ್ತು. ಕೂಲಿ ಸಿಗುತ್ತಿದ್ದುದು ಆ ಅಳತೆಯ ಮೇಲೆ. ಯಂತ್ರ ಅಗೆದ ಕಡೆ ಇಂಥ ಗುಡ್ಡಿ ಉಳಿಯುತ್ತಿರಲಿಲ್ಲ, ಹಾಗಾಗಿ ಅದು ಕೈಯಿಂದ ಅಗೆದದ್ದಕ್ಕೂ ಗುರುತು. ಅದಕ್ಕೇ ಅವು ಸಾಕ್ಷಿಗುಡ್ಡಿಗಳು. ಅಳತೆ ಮುಗಿಯುವ ತನಕ ಅವುಗಳ ಮೇಲೆ ಕುರಿಮರಿ ಹತ್ತಿದರೂ ಹುಚ್ಚಪ್ಪ ಕಲ್ಲು ಬೀರುತ್ತಿದ್ದ.

ಬೇಸಿಗೆಯ ಕೊನೆಗೆ, ಒಂದು ಸಂತೆಯ ದಿನ, ಮಧ್ಯಾಹ್ನ ಅವನು ಕೆರೆಯ ಕಡೆ ಬಂದಾಗ ಗೋಣೆಪ್ಪ ಕೈಬೀಸಿ ಕರೆದ.

"ಮಾವಾ, ಮುಂಜಾನೆ ಸಾಹೇಬ್ರು ಬಂದು ಅಳತಿ ಮಾಡ್ಕೊಂಡು ಹೋದ್ರು. ಈ ಗುಡ್ಡಿ ಇನ್ನ ಯಾತಕ್ಕ? ಬಾ, ಇವತ್ತ ನೀನ ಹೊಡಿ."

"ನಾ ಇಲ್ದಾಗ ಅಳದ್ರೇನು?"

"ನಾ ಇದ್ನೆಲ್ಲ! ನನ್ ಮ್ಯಾಲ ಭರೋಸಾ ಇಲ್ಲೇನು?"

ಇತ್ತು. ಅದೇ ಅವನ ಮನೆ ಹಾಳುಮಾಡಿತು. ಚಪ್ಪಲಿ ಕಳಚಿ, ಯಂತ್ರಕ್ಕೆ ಕೈಮುಗಿದು ಹತ್ತಿದ. ಗೋಣೆಪ್ಪ ಪಕ್ಕದಲ್ಲಿ ನಿಂತು ಯಾವ ಹಿಡಿ ಎಳೆಯಬೇಕೆಂದು ತೋರಿಸಿದ. ಮುಂದಿನ ಅಲಗು ಮೊದಲ ಗುಡ್ಡಿಗೆ ತಗುಲಿದಾಗ ಹುಚ್ಚಪ್ಪ ಮದುಮಗನ ಹಾಗೆ ನಾಚಿದ. ಆಮೇಲೆ ಒಂದಾದ ಮೇಲೊಂದನ್ನು ಕೆಡವುತ್ತ ಹೋದ. ಸಂತೆಯಿಂದ ಮರಳಿದ ತಂಡದವರು ಏರಿಯ ಮೇಲೆ ನಿಂತು ಕೇಕೆ ಹಾಕಿದರು. ಮೇಸ್ತ್ರಿಯೇ ಕೆಡವುತ್ತಿರುವಾಗ ಅಳತೆ ಆಗಿದೆಯೇ ಎಂದು ಯಾರು ಕೇಳುತ್ತಾರೆ?

ಓವರ್‌ಸಿಯರ್ ಅಳತೆಗೆ ಬಂದದ್ದೇ ಮರುದಿನ.

"ಇದೆಲ್ಲಾ ನಮ್ಮ ಮಶೀನ ಅಗದೈತ್ರಿ ಸಾಹೇಬ್ರ. ಇವರು ಬರೇ ಬುಟ್ಟಿ ಹೊತ್ತಾರ" ಎಂದ ಗುತ್ತೇದಾರ.

"ಸಾಕ್ಷಿಗುಡ್ಡಿ ಎಲ್ಲದಾವು?" ಎಂದು ಓವರ್‌ಸಿಯರ್ ಕೇಳಿದರು. ಹುಚ್ಚಪ್ಪ ಗೋಣೆಪ್ಪನ ಮುಖ ನೋಡಿದ.

"ಅಂವನ ಕೆಡವ್ಯಾನ್ರಿ. ಇವರ ಮಂದಿನ ನೋಡ್ಯಾರ" ಎಂದ ಗೋಣೆಪ್ಪ.

ಗುತ್ತೇದಾರನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವನು ಎಂಥವನೆಂದು ಎಲ್ಲರಿಗೂ ಗೊತ್ತಿತ್ತು. ಉಂಡ ಮನೆಯ ಜಂತಿ ಎಣಿಸಿದ ಆ ಗೋಣೆಪ್ಪನನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ತಾನೇ ಕೆಡವಿದ್ದರೆ ತಂಡ ಓವರ್‌ಸಿಯರ್ ಎದುರು ದೂರುತ್ತಿತ್ತು, ಮೇಸ್ತ್ರಿಯೇ ಕೆಡವಿದರೆ ದೂರುವಂತಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಬೇಸಿಗೆಯ ದುಡಿಮೆಯೆಲ್ಲ ಯಂತ್ರದ ಪಾಲಾಯಿತು. ತಂಡ ಒಡೆದು ಕೆಲವರು ಹಾನಗಲ್ಲಿಗೆ, ಕೆಲವರು ಸವಣೂರಿಗೆ ಹೋದರು. ಹುಚ್ಚಪ್ಪನನ್ನು ಯಾರೂ ಬೈಯಲಿಲ್ಲ, ಜೊತೆಗೆ ಬಾ ಎಂದು ಕರೆಯಲೂ ಇಲ್ಲ. ಅವನು ಬಾವಿ ತೋಡುತ್ತ ಬದುಕಿದ. ದೂರದಲ್ಲಿ ರೋಡ್ ರೋಲರಿನ ಸದ್ದು ಕೇಳಿದರೆ ಮಾತ್ರ ಅವನ ಸಲಿಕೆ ಆಗಲೂ ನಿಲ್ಲುತ್ತಿತ್ತು.

ಎಷ್ಟೋ ವರ್ಷದ ಮೇಲೆ ಒಂದು ದಿನ ಉಣ್ಣುತ್ತ ಕೂತವನು ಹೆಂಡತಿಯನ್ನು ಕೇಳಿದ: "ಸಾವಂತ್ರಿ, ಅವತ್ತ ನಾ ಮಶೀನ ಚಲೋ ಹೊಡದಿದ್ನೇನ?"

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಭಾಳ ಚಲೋ ಹೊಡದಿ. ಒಂದ ಗುಡ್ಡಿನೂ ಉಳಿಸಲಿಲ್ಲ."