ಮದುಮಗನಿಗೆ ಹೀಟರ್ ಹಾಕಿದ್ದು

ಹರವೆಯ ಮದುವೆಯೊಂದರ ಮೆರವಣಿಗೆಗೆ ನನ್ನ ಹಳೇ ಸ್ಪೋರ್ಟ್ಸ್ ಕಾರು ಬೇಕು ಅಂತ ಗೆಳೆಯ ಶಿವು ಕೇಳಿದಾಗ ಒಪ್ಪಿಬಿಟ್ಟೆ. ಅವನಿಗೂ ನನ್ನ ಹಾಗೇ ಹಳೇ ಕಾರುಗಳ ಹುಚ್ಚು. ಮೇಲೆ ಛಾವಣಿ ಇಲ್ಲದ, ಎರಡೇ ಸೀಟಿನ ಗಾಡಿ. ನನ್ನ ಪಕ್ಕ ಪೇಟ ಸುತ್ತಿದ ಮದುಮಗ ಕೂತ.

ಜೋರಾಗಿ ಓಡಬೇಕಾದ ಕಾರು ವಾಲಗದವರ ಹಿಂದೆ ತೆವಳತೊಡಗಿತು. ಛತ್ರ ಇನ್ನೂ ದೂರವಿರುವಾಗಲೇ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು. ಎಂಜಿನ್ ಕುದ್ದು ನಿಂತರೆ ಮದುಮಗನೇ ಇಳಿದು ತಳ್ಳಬೇಕು.

ಪಕ್ಕದಲ್ಲೇ ನಡೆಯುತ್ತಿದ್ದ ಶಿವು ಬಗ್ಗಿ ನೋಡಿ, "ಹೀಟರ್ ಹಾಕು" ಅಂದ. ಎಂಜಿನ್ನಿನ ಬಿಸಿ ಒಳಗೆ ಬಂದುಬಿಟ್ಟರೆ ಎಂಜಿನ್ ತಣ್ಣಗಾಗುತ್ತದೆ. ಆದರೆ ಒಳಗೆ ಅಂದರೆ ಮದುಮಗನ ಕಾಲ ಮೇಲೆ! ಸಂಕೋಚದಿಂದಲೇ ಅವನಿಗೆ ವಿಷಯ ಹೇಳಿದೆ.

"ಆಕಿ ಸಾ, ತಡ್ಕತೀನಿ" ಅಂದ.

ಬಿಸಿಗಾಳಿ ನುಗ್ಗಿತು. ಅವನ ಮುಖದಿಂದ ಬೆವರು ಧಾರೆಯಾಗಿ ಇಳಿಯಿತು. ಅವನ ಸೋದರಮಾವ ಓಡಿಬಂದು ಟವೆಲ್ ಬೀಸತೊಡಗಿದ.

"ಯಾಕ್ಲಾ, ಎದ್ರಿಕಂಡ್ಯಾ?"

"ಇಲ್ಲ ಕಣ್ ಮಾವ, ಈಟರ್ ಆಕವ್ರೆ."

"ಈ ಬಿಸ್ಲಲ್ಲಿ ಈಟರಾ? ಎದ್ರಿಕೆ ಆದ್ರೆ ಎದ್ರಿಕೆ ಅನ್ಲಾ, ಸುಳ್ಯಾಕೆ ಏಳ್ತೀಯೆ?"

ಸುತ್ತ ಇದ್ದವರೆಲ್ಲ ನಕ್ಕರು. ಅಷ್ಟರಲ್ಲಿ ಮುಳ್ಳು ನಿಧಾನವಾಗಿ ಕೆಳಗಿಳಿಯಿತು. ನನಗೆ ಹೋದ ಜೀವ ಬಂದ ಹಾಗಾಯಿತು. ಛತ್ರದ ಬಾಗಿಲು ಮುಟ್ಟುವವರೆಗೂ ಕಾರು ಒಮ್ಮೆಯೂ ನಿಲ್ಲಲಿಲ್ಲ.

ಇಳಿಯುವಾಗ ಮದುಮಗ ನನ್ನ ಕಿವಿಯ ಹತ್ತಿರ ಬಗ್ಗಿ, "ಬೇಜಾರ್ ಮಾಡ್ಕಬ್ಯಾಡಿ ಸಾ, ಎಣ್ಣು-ಗಂಡು ಊರ್ಗೆ ಓಗಕ್ಕೆ ಬ್ಯಾರೆ ಕಾರು ಮಾಡ್ಕತೀವಿ" ಅಂದ.

ಬೇಜಾರೇ? ನಾನು ಅವನ ಎರಡೂ ಕೈ ಹಿಡಿದು ಕುಲುಕಿದೆ.