ತೊಯೊಕೊ ಸೆನ್ಸೆಯ ಕಾಲಿನ ಜೋಮು

ಜಪಾನಿನ ಕನಾಜಾವಾದ ಹಳೇ ಬೀದಿಯೊಂದರಲ್ಲಿ ಚಹಾ ಮಾಡಿ ಬಡಿಸುವ ವಿಧಿಯನ್ನು ಕಲಿಸುತ್ತಿದ್ದ ಇಸೊನೊ ತೊಯೊಕೊ ಬಲು ಬಿಗಿಯ ಹೆಂಗಸು. ಶಿಷ್ಯೆಯರ ಬಾಯಲ್ಲಿ ಆಕೆ ಸೆನ್ಸೆ, ಅಂದರೆ ಗುರು. ಮಂಡಿ ಮಡಚಿ ಕೂತು ಕಾಲು ಜೋಮು ಹಿಡಿಯಿತೆಂದು ಮುಲುಗಿದ ಶಿಷ್ಯೆಯರನ್ನು ಎಂದೂ ಸುಮ್ಮನೆ ಬಿಟ್ಟವಳಲ್ಲ. ಜೋಮು ಹಿಡಿದಿರುವುದು ಕಾಲಿಗಲ್ಲ, ಶ್ರದ್ಧೆಗೆ ಎನ್ನುತ್ತಿದ್ದಳು. ಹಾಗಾಗಿ ತನ್ನ ಪಾದಗಳಲ್ಲೇ ಇರುವೆ ಹರಿದಂತಾಗತೊಡಗಿದಾಗ ಯಾರಿಗೂ ಹೇಳಲಿಲ್ಲ. ಜೀವಮಾನವೆಲ್ಲ ಚಾಪೆಯ ಮೇಲೆ ಕೂತವಳಿಗೆ ಜೋಮೂ ಒಂದು ಕಾಯಿಲೆಯೇ? ಆ ಊರಲ್ಲಿ ಯಾರೂ ಹಾಗೆಂದುಕೊಳ್ಳುವುದಿಲ್ಲ. ಬಲಗೈ ಸುಮ್ಮನಿದ್ದಾಗಲೂ ನಡುಗತೊಡಗಿದ ಮೇಲೆಯೇ ಆಸ್ಪತ್ರೆಗೆ ಹೋದದ್ದು. ಪಾರ್ಕಿನ್ಸನ್ ಎಂದರು ಡಾಕ್ಟರು.

ಗುಳಿಗೆಯ ಬಲ ಇಳಿಯುವ ಹೊತ್ತಿಗೆ ಮೀನಖಂಡ ಕಲ್ಲಾಗುತ್ತಿತ್ತು, ಕಾಲ್ಬೆರಳುಗಳು ಒಳಕ್ಕೆ ಮುದುಡಿಕೊಳ್ಳುತ್ತಿದ್ದವು. ತೊಯೊಕೊ ಹಟಮಾರಿಯೇ ಹೊರತು ದಡ್ಡಿಯಲ್ಲ. ಡಾಕ್ಟರನ್ನು ಕೇಳಿಯೇ ಗುಳಿಗೆಯ ಹೊತ್ತನ್ನು ಪಾಠದ ಹೊತ್ತಿಗೆ ಹೊಂದಿಸಿಕೊಂಡಳು. ಬಿಸಿನೀರಿನ ತೊಟ್ಟಿಯಲ್ಲಿ ಕೂತು ಕಾಲು ನೀವಿಕೊಂಡಳು. ಗೋಡೆಗೆ ಅಂಗೈ ಒತ್ತಿ, ಹಿಮ್ಮಡಿ ಊರಿ, ಸೆಳೆತ ಬಿಡಿಸುವುದನ್ನು ಕಲಿತಳು. ಆದರೆ ಕೂತಲ್ಲಿಂದ ಏಳುವ ಆ ಒಂದು ಗಳಿಗೆಯ ಭಯ ಮಾತ್ರ ಹೋಗಲಿಲ್ಲ. ಎಲ್ಲರೆದುರು ಏಳಲಾಗದಿದ್ದರೆ ಗುಟ್ಟು ರಟ್ಟಾಗುತ್ತದೆ, ಗುರುವಿನ ಜಾಗ ಕೈತಪ್ಪುತ್ತದೆ. ಆ ಜಾಗ ಬಿಟ್ಟರೆ ಆಕೆಗೆ ಬೇರೇನೂ ಇರಲಿಲ್ಲ.

ಅದಕ್ಕೇ ಹಿರಿಯ ಶಿಷ್ಯೆ ಮುರಾಸೆ ಕಿನುಯೊ ಒಬ್ಬಳಿಗೆ ಹೇಳಿದಳು. ಕಿನುಯೊ ಮದುವೆಗೆ ಮುಂಚೆಯೇ ಆ ಮನೆಗೆ ಕಲಿಯಲು ಬಂದವಳು, ಗಂಡ ತೀರಿಕೊಂಡಾಗ ತೊಯೊಕೊವಿನ ತೊಡೆಯ ಮೇಲೆ ತಲೆಯಿಟ್ಟು ಅತ್ತವಳು. ಕಾಲು ಹಿಡಿದುಕೊಂಡರೆ ತೊಯೊಕೊ ಸೊಂಟಪಟ್ಟಿಗೆ ಸಿಕ್ಕಿಸಿದ, ಚಹಾದ ಪಾತ್ರೆ ಒರೆಸುವ ರೇಷ್ಮೆ ವಸ್ತ್ರವನ್ನು ತೆಗೆದು ಮತ್ತೊಮ್ಮೆ ಮಡಚುವುದು, ಹಿಂದಿನ ಕೋಣೆಯಿಂದ ನೋಡುತ್ತಿರುವ ಕಿನುಯೊ ಬಟ್ಟಲು ಒಯ್ಯುವ ನೆಪದಲ್ಲಿ ಬಂದು ಹೆಗಲು ಕೊಡುವುದು ಎಂದು ಮಾತಾಯಿತು. ನನ್ನ ಬಾಯಿಗೆ ಬೀಗ, ಸೆನ್ಸೆ, ಎಂದಿದ್ದಳು ಕಿನುಯೊ. ಬೀಗವಂತೆ ಬೀಗ!

ಹೊಸ ವರ್ಷದ ಮೊದಲ ಚಹಾದ ದಿನ ಶಿಷ್ಯೆಯರೆಲ್ಲ ಬಂದು ಸಾಲಾಗಿ ಕೂತಿದ್ದರು. ತೊಯೊಕೊವಿನ ಕೈ ಅಂದು ಹೇಳಿದ ಮಾತು ಕೇಳಿತು. ಚಹಾ ಚೆನ್ನಾಗಿ ನೊರೆಗಟ್ಟಿತು. ಒಳಗೊಳಗೇ ಹಿಗ್ಗುತ್ತ ಏಳಹೋದಳು, ಮೀನಖಂಡ ಗಪ್ಪನೆ ಹಿಡಿದುಕೊಂಡಿತು. ಹಲ್ಲು ಕಚ್ಚಿ ವಸ್ತ್ರ ತೆಗೆದು ಮಡಚಿದಳು.

ಬಾಗಿಲು ಸರಿಯಿತು. ಕಿನುಯೊ ಬಂದಳು. ಬಟ್ಟಲು ಒಯ್ಯಲು ಬರುವವಳು ಉಡುವ ಉಡುಪಲ್ಲ ಅದು, ದೊಡ್ಡ ಸಮಾರಂಭಕ್ಕಷ್ಟೇ ಉಡುವ, ಮನೆತನದ ಚಿಹ್ನೆಯಿದ್ದ ರೇಷ್ಮೆಯ ಕಿಮೊನೊ. ಹೆಗಲು ಕೊಡದೆ ಬಾಗಿಲ ಬಳಿಯೇ ಕೂತು ಎರಡೂ ಕೈ ಚಾಪೆಗೆ ಊರಿದಳು.

"ಸೆನ್ಸೆಗೆ ಮೈ ಹುಷಾರಿಲ್ಲ ಅಂತ ನಿಮಗೆಲ್ಲ ಗೊತ್ತೇ ಇದೆ. ಈ ವರ್ಷದಿಂದ ಪಾಠ ನಾನು ನೋಡ್ಕೊಳ್ತೀನಿ. ಇಷ್ಟು ವರ್ಷ ನಮಗೋಸ್ಕರ ದುಡಿದಿದ್ದಾರೆ, ಎಲ್ಲರೂ ಸೇರಿ ನಮಸ್ಕಾರ ಮಾಡೋಣ."

ಯಾರೂ ಬೆಚ್ಚಲಿಲ್ಲ. ತೊಯೊಕೊವಿನ ಎದೆಗೆ ಚುಚ್ಚಿದ್ದು ಅದೇ. ಇವರಿಗೆಲ್ಲ ಯಾವತ್ತೋ ಗೊತ್ತಿದೆ, ಗೊತ್ತಿಲ್ಲದವಳು ತಾನೊಬ್ಬಳೇ. ಅಷ್ಟೂ ಜನ ಚಾಪೆಗೆ ಹಣೆ ತಾಗುವಂತೆ ಬಾಗಿದರು. ನಮಸ್ಕಾರಕ್ಕೆ ನಮಸ್ಕಾರ ಹಿಂದಿರುಗಿಸದೆ ಇರುವುದು ಆ ಕೋಣೆಯಲ್ಲಿ ಸಾಧ್ಯವಿರಲಿಲ್ಲ. ಹಾಗೆ ಕಲಿಸಿದವಳೇ ತೊಯೊಕೊ. ಒಲ್ಲೆ ಎನ್ನಬೇಕೆಂದು ಬಾಯಿ ತೆರೆಯುವ ಮೊದಲೇ ಅವಳ ಕೈಗಳು ಚಾಪೆ ಮುಟ್ಟಿದವು, ತಲೆ ಬಾಗಿತು. ತಲೆಯೆತ್ತುವ ಹೊತ್ತಿಗೆ ಅದು ಒಪ್ಪಿಗೆಯಾಗಿತ್ತು. ಕೆಲವರು ಕಣ್ಣೊರೆಸಿಕೊಂಡರು. ಒಬ್ಬಳು ಮೊದಲೇ ತಂದಿಟ್ಟಿದ್ದ ಹೂಗುಚ್ಛವನ್ನು ಮುಂದಿಟ್ಟಳು.

ಎಲ್ಲರೂ ಊಟಕ್ಕೆಂದು ಪಕ್ಕದ ಕೋಣೆಗೆ ಎದ್ದುಹೋದ ಮೇಲೆ ಕಿನುಯೊ ಹತ್ತಿರ ಬಂದು ಹೆಗಲು ತಗ್ಗಿಸಿದಳು. ಎಲ್ಲರ ಮುಂದೆ ಬಿದ್ದುಗಿದ್ದೀರಿ ಅನ್ನೋ ಭಯ ಸೆನ್ಸೆ, ನಿಮ್ಮ ಒಳ್ಳೇದಕ್ಕೇ ಮಾಡಿದ್ದು ಎಂದಳು.

ತೊಯೊಕೊ ಆ ಹೆಗಲು ಮುಟ್ಟಲಿಲ್ಲ. ಮುದುಡಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುತ್ತ ಹೇಳಿದಳು, "ಕಾಲನ್ನ ನಂಬೋಕಾಗಲ್ಲ ಅಂತ ತಾನೇ ಕಿನುಯೊ, ನಿನ್ನ ನಂಬಿದ್ದು."